ಅಲ್ಪವಿಶ್ವಾಸಿ

ಸಭೆ, ಪ್ರಸಂಗ, ಸಾಕ್ಷಿ ಎಂಬೀ ಮೂರು ಶಬ್ದಗಳನ್ನು ಅರಿಯದ ಕನ್ನಡಿಗನಿಲ್ಲ. ಆದರೆ ತುಮಕೂರಿನ ಚರ್ಚ್ ಸರ್ಕಲ್ಲಿನ ಆಸುಪಾಸಿನಲ್ಲಿ ಬೆಳೆದ ನಮ್ಮಂಥವರಿಗೆ ಸಭೆಯೆಂದರೆ ಭಾನುವಾರ ಆರಾಧನೆಗೆ ಕೂಡುವ ಜನ, ಪ್ರಸಂಗವೆಂದರೆ ಅಯ್ಯನವರ ಉಪದೇಶ, ಸಾಕ್ಷಿಯೆಂದರೆ ದೇವರು ತನಗೆ ಮಾಡಿದ ಉಪಕಾರವನ್ನು ಎದ್ದುನಿಂತು ಹೇಳಿಕೊಳ್ಳುವುದು. ಹೀಗೆ ಊರಿನ ಶಬ್ದಗಳನ್ನೇ ಎರವಲು ಪಡೆದು ನಮ್ಮದೊಂದು ಒಳಮಾತನ್ನು ಕಟ್ಟಿಕೊಂಡಿರುವ ನಾವು, ಊರಿಗೆ ಹಿಂದಿರುಗಿಸದೆ ನಮ್ಮಲ್ಲಿಯೇ ಉಳಿಸಿಕೊಂಡಿರುವ ಶಬ್ದವೊಂದುಂಟು. ‘ಅಲ್ಪವಿಶ್ವಾಸಿ’ ಎಂಬುದು ಅದು. ನೆರೆಮನೆಯ ಲಿಂಗಾಯತ ಗೆಳೆಯನಿಗೆ ಇದನ್ನು ಹೇಳಿದರೆ, ‘ಯಾವ ಊರಿನ ಬೈಗುಳವಪ್ಪಾ ಇದು?’ ಎಂದು ಕೇಳಿಯಾನು.

ಬೈಗುಳವೆಂದು ಅವನಿಗೆ ತೋರುವುದು ಅಸಹಜವೇನೂ ಅಲ್ಲ. ವ್ಯಾಕರಣದಂತೆ ಬಿಡಿಸಿದರೆ ಅಲ್ಪವಾದ ವಿಶ್ವಾಸವುಳ್ಳವನು ಎಂದಷ್ಟೇ ಅರ್ಥ. ಅಲ್ಪತ್ವವು ವಿಶ್ವಾಸದ್ದು, ಮನುಷ್ಯನದಲ್ಲ. ಆದರೆ ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದಾನೆಂಬ ಗಾದೆಯನ್ನು ಕೇಳುತ್ತ ಬೆಳೆದ ಕಿವಿಯು ವ್ಯಾಕರಣವನ್ನು ಕಾಯುತ್ತ ಕೂರುವುದಿಲ್ಲ. ಅದು ಶಬ್ದವನ್ನು ತನಗೆ ಬೇಕಾದಂತೆ ಮುರಿದು, ‘ಅಲ್ಪನಾದ ವಿಶ್ವಾಸಿ’ ಎಂದು ಗ್ರಹಿಸಿಬಿಡುತ್ತದೆ. ಸಂಸ್ಕೃತದಲ್ಲಿ ಬರಿಯ ಪರಿಮಾಣವಾಚಕವಾಗಿದ್ದ ‘ಅಲ್ಪ’ವು ಕನ್ನಡಕ್ಕೆ ಬಂದು ಮನುಷ್ಯರ ಮೇಲೆ ಕುಳಿತೊಡನೆ ತಿರಸ್ಕಾರವನ್ನು ಕಲಿತುಕೊಂಡಿತು. ಅಲ್ಪವಿರಾಮ, ಅಲ್ಪೋಪಹಾರಗಳಲ್ಲಿ ಅದು ಇಂದಿಗೂ ಸಾಧುವೇ; ಅಲ್ಪಪ್ರಾಣವಂತೂ ಇಲ್ಲದಿದ್ದರೆ ಕನ್ನಡಕ್ಕೆ ಬಾಯೇ ಇಲ್ಲ, ಏಕೆಂದರೆ ನಮ್ಮ ಅಚ್ಚಗನ್ನಡ ಶಬ್ದಗಳು ಬಹುಮಟ್ಟಿಗೆ ಮಹಾಪ್ರಾಣದ ಹಂಗಿಲ್ಲದೆಯೇ ಸಂಸಾರ ಸಾಗಿಸಿಕೊಂಡು ಬಂದಂಥವು. ವಿಶ್ವಾಸವೆಂಬುದಕ್ಕೂ ಉಸಿರಾಡುವುದೆಂಬ ಅರ್ಥದ ‘ಶ್ವಸ್’ ಧಾತುವೇ ಮೂಲವೆಂಬುದನ್ನು ನೆನೆದರೆ, ಅಲ್ಪವಿಶ್ವಾಸಿಯೂ ಒಂದು ಬಗೆಯ ಅಲ್ಪಪ್ರಾಣಾಕ್ಷರವೇ ಸರಿ.

ಈ ಶಬ್ದ ನಮಗೆ ಬಂದದ್ದು ಬೈಬಲ್ಲಿನಿಂದ. ಬಳ್ಳಾರಿಯಲ್ಲಿ ಮಿಶನರಿ ಜಾನ್ ಹ್ಯಾಂಡ್ಸ್ ಮತ್ತು ಸಂಗಡಿಗರ ಶ್ರಮದಿಂದ ಕನ್ನಡಕ್ಕೆ ಬಂದ ಬೈಬಲ್ಲು 1831ರ ವೇಳೆಗೆ ಪೂರ್ಣವಾಗಿ ಅಚ್ಚಾಯಿತು. ಆಮೇಲೆ ಅದನ್ನು ಅನೇಕರು ಅನೇಕ ಸಲ ತಿದ್ದಿದರು. ನಮ್ಮ ಈ ಶಬ್ದಕ್ಕೆ ಮೂಲವಾದ ಗ್ರೀಕ್ ಪದವು ಮತ್ತಾಯನ ಸುವಾರ್ತೆಯಲ್ಲಿ ನಾಲ್ಕು ಕಡೆಯೂ ಲೂಕನಲ್ಲಿ ಒಂದು ಕಡೆಯೂ ಬರುತ್ತದೆ. ಐದು ಕಡೆಯಲ್ಲಿಯೂ ಅದು ಯೇಸುಸ್ವಾಮಿಯು ಹೊರಗಿನವರಿಗೆ, ವಿರೋಧಿಗಳಿಗೆ, ಫರಿಸಾಯರಿಗೆ ಹೇಳಿದ ಮಾತಲ್ಲ. ಮನೆಮಠ ಬಿಟ್ಟು ಹಿಂದೆ ಬಂದಿದ್ದ ಶಿಷ್ಯರಿಗೇ ಹೇಳಿದ್ದು. ಅದರಲ್ಲಿಯೂ ಪೇತ್ರನ ಪ್ರಸಂಗದಲ್ಲಿ ಮಾತಿನ ಕ್ರಮವನ್ನು ಗಮನಿಸಬೇಕು. ನೀರಿನ ಮೇಲೆ ನಾಲ್ಕು ಹೆಜ್ಜೆಯಿಟ್ಟು ಗಾಳಿಗೆ ಹೆದರಿ ಮುಳುಗತೊಡಗಿದವನನ್ನು ಸ್ವಾಮಿಯು ಮೊದಲು ಕೈಚಾಚಿ ಹಿಡಿದುಕೊಳ್ಳುತ್ತಾನೆ. ಅಲ್ಪವಿಶ್ವಾಸಿಯೆಂಬ ಮಾತು ಅದರ ತರುವಾಯದ್ದು. ನಂಬಿಕೆಯನ್ನು ಅಳೆದು ನೋಡಿ, ಸಾಕಷ್ಟಿದೆಯೆಂದು ಕಂಡಮೇಲೆ ಚಾಚಿದ ಕೈಯಲ್ಲ ಅದು.

ಈ ಕ್ರಮವನ್ನು ನಾವು ತಲೆಕೆಳಗು ಮಾಡಿದ್ದೇವೆ. ಕೆಲವು ವರ್ಷಗಳ ಕೆಳಗೆ ಕುಣಿಗಲ್ಲಿನ ಒಂದು ಮನೆಯಲ್ಲಿ ನಡೆದ ಪ್ರಾರ್ಥನಾ ಕೂಟಕ್ಕೆ ಪರಸ್ಥಳದಿಂದ ಬೋಧಕರೊಬ್ಬರು ಬಂದಿದ್ದರು. ಮೊಮ್ಮಗನ ಕಾಯಿಲೆ ವಾಸಿಯಾಗದೆ ಕಂಗೆಟ್ಟಿದ್ದ ಮುದುಕಿಯೊಬ್ಬಳನ್ನು ಎದುರಿಗೆ ಕೂರಿಸಿಕೊಂಡು, ಪ್ರಾರ್ಥನೆಗೆ ಉತ್ತರ ಬಾರದಿರುವುದಕ್ಕೆ ಆಕೆಯ ಅಲ್ಪವಿಶ್ವಾಸವೇ ಕಾರಣವೆಂದು ಅವರು ಸವಿಸ್ತಾರವಾಗಿ ಉಪನ್ಯಾಸ ಮಾಡಿದರು. ಸೆರಗಿನ ಚುಂಗನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ, ಎಲ್ಲವನ್ನೂ ಕೇಳಿಸಿಕೊಂಡ ಆಕೆ ಕೊನೆಯಲ್ಲಿ, “ಇರೋದೇ ಇಷ್ಟು ಅಯ್ಯನೋರೆ. ಇದೂ ಬ್ಯಾಡ ಅಂದ್ರೆ ಇನ್ಯಾವುದ್ನ ಹಿಡ್ಕಂಡು ಬರ್ಲಿ ನಾನು ಸಭೆಗೆ?” ಎಂದಳು. ಬೋಧಕರು ಕೀರ್ತನೆಯ ಸಂಖ್ಯೆಯನ್ನು ಹೇಳಿದರು. ಎಲ್ಲರೂ ಪುಸ್ತಕ ತೆರೆದರು.

ಆಕೆಯ ಪ್ರಶ್ನೆಗೆ ಆಧಾರವು ಶಾಸ್ತ್ರದಲ್ಲಿಯೇ ಇದೆ. ಮತ್ತಾಯನ 17ನೆಯ ಅಧ್ಯಾಯದಲ್ಲಿ, ಒಬ್ಬ ಹುಡುಗನ ಪಿಶಾಚವನ್ನು ಬಿಡಿಸಲಾರದೆ ಹೋದ ಶಿಷ್ಯರಿಗೆ ನಿಮ್ಮ ಅಲ್ಪವಿಶ್ವಾಸವೇ ಕಾರಣವೆಂದು ಹೇಳಿದ ಸ್ವಾಮಿಯು, ಅದೇ ಉಸಿರಿನಲ್ಲಿ, ಸಾಸಿವೆಕಾಳಿನಷ್ಟು ನಂಬಿಕೆಯಿದ್ದರೆ ಬೆಟ್ಟವನ್ನೇ ಕದಲಿಸಬಹುದೆನ್ನುತ್ತಾನೆ. ಅಲ್ಪತ್ವವೇ ರೋಗವಾಗಿದ್ದರೆ ಸಾಸಿವೆಯು ಮದ್ದಾಗುವುದು ಹೇಗೆ? ಈ ವಿರೋಧವು ಹಳೆಯ ಲಿಪಿಕಾರರನ್ನೂ ಬಾಧಿಸಿರಬೇಕು. 4ನೆಯ ಶತಮಾನದ ಪ್ರಾಚೀನ ಹಸ್ತಪ್ರತಿಗಳಲ್ಲಿ ಇಲ್ಲಿ ಅಲ್ಪವಿಶ್ವಾಸವೆಂದೇ ಇದ್ದರೆ, ತರುವಾಯದ ಬಹುಸಂಖ್ಯೆಯ ಪ್ರತಿಗಳಲ್ಲಿ ಅವಿಶ್ವಾಸವೆಂದಾಗಿದೆ. ‘ಸ್ವಲ್ಪ ಇದೆ’ ಎಂಬುದು ‘ಏನೂ ಇಲ್ಲ’ ಎಂದಾಯಿತು! ಬರೆಯುವವನ ಕೈಯಲ್ಲಿ ಸ್ವಾಮಿಯ ಮಾತು ಸ್ವಾಮಿಗಿಂತ ಕಠಿಣವಾಗುವ ಪದ್ಧತಿ ಬಹಳ ಹಿಂದಿನದು. ನಮ್ಮ ಸೀಮೆಯ ರಾಗಿಹೊಲದ ಅಕ್ಕಡಿಸಾಲಿನಲ್ಲಿ ಅವರೆ, ಹುಚ್ಚೆಳ್ಳುಗಳ ಜೊತೆಗೆ ಸಾಸಿವೆಯನ್ನು ಚೆಲ್ಲುವ ಒಕ್ಕಲಿಗನಾದರೋ, ಕಾಳು ಸಣ್ಣದೆಂದು ಅದನ್ನು ಎಂದೂ ಜರೆದವನಲ್ಲ.

ಈ ಸೀಮೆಯಲ್ಲಿ ಸುವಾರ್ತೆಯ ಆರಂಭವೂ ಅಲ್ಪವೇ. ವೆಸ್ಲಿಯನ್ ಮಿಶನ್ನಿನವರು 1830ರ ದಶಕದ ಕೊನೆಯಲ್ಲಿ ಗುಬ್ಬಿಯಲ್ಲಿ ಬಿಡಾರ ಹೂಡಿದರು. 1839ರಲ್ಲಿ ಹಡಗು ಹತ್ತಿ ಅಲ್ಲಿಗೆ ಬಂದ ವಿಲಿಯಂ ಆರ್ಥರ್ ಎಂಬ ಐರ್ಲೆಂಡಿನ ತರುಣನು ಕನ್ನಡವನ್ನು ಆಸ್ಥೆಯಿಂದ ಕಲಿತು, ಆರೋಗ್ಯ ಕೆಟ್ಟು, 1841ರಲ್ಲಿಯೇ ಹಿಂದಿರುಗಬೇಕಾಯಿತು. ಮೈಸೂರು ಸೀಮೆಯ ಈ ಅನುಭವವನ್ನು ಆತ 1847ರಲ್ಲಿ ಪುಸ್ತಕವಾಗಿ ಬರೆದನು; 1856ರಲ್ಲಿ ಆತ ಬರೆದ, ಪವಿತ್ರಾತ್ಮನನ್ನು ಕುರಿತ ‘ದಿ ಟಂಗ್ ಆಫ್ ಫೈರ್’ ಬಹುದೂರ ಪ್ರಚಾರವಾಯಿತು.

ಆದರೆ ತುಮಕೂರಿನ ಸಭೆಯ ಬೇರುಗಳನ್ನು ಹುಡುಕುವವನು ಗುಬ್ಬಿಯ ಬಿಡಾರದಲ್ಲಿಯೇ ನಿಲ್ಲುವಂತಿಲ್ಲ; ಧಾತು–ಈಶ್ವರ ಸಂವತ್ಸರಗಳ ಕ್ಷಾಮಕ್ಕೆ, ಎಂದರೆ 1876–78ಕ್ಕೆ ಬರಬೇಕು. 1871ರ ಗಣತಿಯಲ್ಲಿ 50 ಲಕ್ಷವನ್ನು ದಾಟಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ 42 ಲಕ್ಷದಷ್ಟಕ್ಕೆ ಇಳಿದುಹೋಗಿತ್ತೆಂದರೆ ಹೆಚ್ಚಿಗೆ ವರ್ಣಿಸುವುದು ಬೇಡ. ತಂದೆತಾಯಿಗಳನ್ನು ಕಳೆದುಕೊಂಡ ಗಂಡುಮಕ್ಕಳಿಗಾಗಿ ತುಮಕೂರಿನಲ್ಲಿ, ಹೆಣ್ಣುಮಕ್ಕಳಿಗಾಗಿ ಹಾಸನದಲ್ಲಿ ಮಿಶನ್ನಿನವರು ಅನಾಥಾಲಯಗಳನ್ನು ತೆರೆದರು. ಅಲ್ಲಿ ಬೆಳೆದು ಸಂಸಾರವಂದಿಗರಾದವರ ಸಂತತಿಯವರು ಇಂದಿಗೂ ಈ ಊರುಗಳ ಸಭೆಗಳಲ್ಲಿದ್ದಾರೆ. ‘ಗಂಜಿಗೆ ನಂಬಿದವರು’ ಎಂಬ ಕುಚೋದ್ಯವೂ ಅವರ ಬೆನ್ನಿಗೇ ಬಂದಿದೆ. ಹಿಂದಿನವರು ಇದನ್ನು ಕೇಳಿ ತಲೆ ತಗ್ಗಿಸುತ್ತಿದ್ದರು, ಕೆಲವರು ಸಿಟ್ಟಿಗೇಳುತ್ತಿದ್ದರು. ತಲೆ ತಗ್ಗಿಸಲು ಕಾರಣವೇನಿದೆಯೋ ನಾನರಿಯೆ. ಹಸಿದ ಬಾಲಕನೊಬ್ಬನು ಮೊದಲು ಬಟ್ಟಲನ್ನು ಕಂಡು, ಆಮೇಲೆ ಬಟ್ಟಲನ್ನು ನೀಡಿದ ಕೈಯನ್ನು ಕಂಡು, ಅದರಾಚೆಗೆ ಇನ್ನೊಂದು ಕೈಯಿರಬಹುದೇ ಎಂದು ಯೋಚಿಸಿದ್ದರೆ, ಅವನು ನಡೆದದ್ದು ಪೇತ್ರನು ನಡೆದ ಕ್ರಮದಲ್ಲಿಯೇ. ಗಂಜಿಯ ಜೊತೆಗೆ ಮತವನ್ನು ಬಡಿಸುವುದು ಉಚಿತವೇ ಎಂಬುದು ಬೇರೆ ಪ್ರಶ್ನೆ. ಅದಕ್ಕೆ ಉತ್ತರ ಹೇಳಬೇಕಾದವರು ಬಡಿಸಿದವರೇ ಹೊರತು ಉಂಡವರಲ್ಲ.

ನನ್ನ ವಿಶ್ವಾಸದ ಸ್ಥಿತಿಯೂ ಹೇಳಿಕೊಳ್ಳುವಷ್ಟು ಉನ್ನತವಾದುದಲ್ಲ. ವಿಶ್ವಾಸಪ್ರಮಾಣವನ್ನು ಸಭೆಯೊಡನೆ ನಿಂತು ಹೇಳುವಾಗ ‘ಸತ್ತವರ ಪುನರುತ್ಥಾನ’ ಎಂಬಲ್ಲಿ ನನ್ನ ಸ್ವರ ಒಂದು ಮೆಟ್ಟಿಲು ಇಳಿಯುವುದುಂಟು; ಪಾಪನಿವೇದನೆಯ ನಡುವೆ ಗುಬ್ಬಿಯ ಕಡೆಯ ಅಡಕೆಯ ಧಾರಣೆ ತಲೆಯೊಳಗೆ ನುಗ್ಗುವುದೂ ಉಂಟು. ಪಕ್ಕದಲ್ಲಿ ನಿಂತವರ ಧ್ವನಿಯು ನನ್ನ ಮೌನವನ್ನು ಮುಚ್ಚಿಕೊಂಡು ಮುಂದಕ್ಕೆ ಹೋಗುತ್ತದೆ, ಮುಂದಿನ ವಾಕ್ಯದಲ್ಲಿ ನಾನು ಮತ್ತೆ ಸೇರಿಕೊಳ್ಳುತ್ತೇನೆ. ಇಷ್ಟಕ್ಕೆ ಆತ್ಮವಂಚನೆಯೆಂದು ಹೆಸರಿಡುವ ಗೆಳೆಯರಿದ್ದಾರೆ. ನಮ್ಮ ಕಡೆಯಲ್ಲಾದರೋ ವಿಶ್ವಾಸವೆಂಬುದು ಒಬ್ಬನ ಎದೆಯೊಳಗೆ ಮಾತ್ರ ಇರತಕ್ಕ ವಸ್ತುವಲ್ಲ. ಬಸ್ಸು ಹತ್ತುವ ನೆಂಟನು ಕಿಟಕಿಯಿಂದ ‘ವಿಶ್ವಾಸ ಇರಲಿ’ ಎನ್ನುವಾಗ ಸಿದ್ಧಾಂತವನ್ನು ನಂಬೆಂದು ಹೇಳುತ್ತಿಲ್ಲ, ಹೋಗಿಬಂದು ಮಾಡುತ್ತಿರು ಎನ್ನುತ್ತಾನೆ. ಹೋಗಿಬರುವುದನ್ನು ನಾನು ಬಿಟ್ಟಿಲ್ಲ.

ಈ ಶಬ್ದವನ್ನು ಬೈಬಲ್ಲಿನಿಂದ ತೆಗೆದು, ‘ನಂಬಿಕೆ ಕಡಿಮೆಯಾದವರೇ’ ಎಂದು ಸೌಮ್ಯಗೊಳಿಸಬಾರದೇಕೆಂದು ಒಬ್ಬರು ಕೇಳಿದ್ದರು. ನನಗೆ ಅದು ಬೇಡವೆನಿಸುತ್ತದೆ. ಐದು ಅಕ್ಷರಗಳಲ್ಲಿ ಮುಗಿದುಹೋಗುವ ಸಂಬೋಧನೆಯನ್ನು ಹಿಗ್ಗಿಸಿದರೆ ಅದು ವೈದ್ಯನ ಚೀಟಿಯಾಗುತ್ತದೆ. ಕೆಡುಕು ಶಬ್ದದಲ್ಲಿಲ್ಲ, ಅದನ್ನು ಓದುವ ಗಂಟಲಿನಲ್ಲಿದೆ. ಪಾಠ ಓದುವವರು ಆ ಸ್ಥಳಕ್ಕೆ ಬಂದೊಡನೆ ಸಭೆಯ ಹಿಂದಿನ ಬೆಂಚುಗಳ ಕಡೆಗೆ ನೋಡಿ ದನಿಯೇರಿಸುವ ಪದ್ಧತಿಯನ್ನು ಬಿಟ್ಟು, ಪೇತ್ರನು ಆಗಲೇ ತೋಳು ಹಿಡಿಸಿಕೊಂಡು ನಿಂತಿದ್ದಾನೆಂಬುದನ್ನು ನೆನಪಿಟ್ಟುಕೊಂಡು ಓದಿದರೆ ಸಾಕು.