ಉತ್ತರಾಯಣದ ದಾನ, ಕ್ರಿಸ್‌ಮಸ್ಸಿನ ಹಾಡು

ಡಿಸೆಂಬರಿನ ಒಂದು ಸಂಜೆ ಮಳಖೇಡದ ಕೋಟೆಯನ್ನು ನೋಡಿಕೊಂಡು ವಾಡಿ ಜಂಕ್ಷನ್ನಿಗೆ ಬಂದಿಳಿದಿದ್ದೆ. ಮುಂದಿನ ಗಾಡಿಗೆ ಇನ್ನೂ ಎರಡು ಗಂಟೆಯ ಹೊತ್ತಿದ್ದಿತು. ನಿಲ್ದಾಣದಾಚೆಯ ಬೀದಿಯಲ್ಲಿ ಹತ್ತು ಹನ್ನೆರಡು ಮಂದಿ ಢೋಲಕ್ಕು ತಾಳಗಳೊಡನೆ ಕ್ರಿಸ್‌ಮಸ್ಸಿನ ಹಾಡುಗಳನ್ನು ಹಾಡುತ್ತ ಮನೆಯಿಂದ ಮನೆಗೆ ನಡೆದಿದ್ದರು. ಅನ್ಯಮತದವರೂ ಬಾಗಿಲಿಗೆ ಬಂದು ನಿಂತು ಕೇಳಿದರು. ಮುದುಕಿಯೊಬ್ಬಳು ಸೆರಗಿನ ಗಂಟು ಬಿಚ್ಚಿ ಅವರ ಡಬ್ಬಿಗೆ ಒಂದು ನಾಣ್ಯ ಹಾಕಿದಳು. ನಾನೋ ಕಿವಿತುಂಬ ಕೇಳಿ, ಜೇಬಿಗೆ ಕೈಹಾಕದೆ ಹೊರಟುಬಂದೆ. ಗಾಡಿಯಲ್ಲಿ ಕುಳಿತ ಮೇಲೆ ಅದು ಮನಸ್ಸನ್ನು ಚುಚ್ಚತೊಡಗಿತು.

ಏಕೆಂದರೆ ಅಂದು ನಾನು ನೋಡಿಬಂದ ಊರು ದಾನಕ್ಕೆ ಹೆಸರಾದ ಊರು. ಕಾಗಿಣಾ ನದಿಯ ದಂಡೆಯ ಈ ಮಳಖೇಡವೇ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ. ಇಲ್ಲಿ ನೆಲೆಸಿದ್ದ ಅಮೋಘವರ್ಷ ನೃಪತುಂಗನು ಶಕ ೭೯೩ರಲ್ಲಿ, ಎಂದರೆ ಕ್ರಿ. ಶ. ೮೭೧ರಲ್ಲಿ, ಪಶ್ಚಿಮ ಕರಾವಳಿಯ ಸಂಜಾಣದ ಬಳಿಯ ಒಂದು ಗ್ರಾಮವನ್ನು ನಾಲ್ವರು ಬ್ರಾಹ್ಮಣರಿಗೆ ದಾನಮಾಡಿದನು. ಅಗ್ನಿಹೋತ್ರ ಮೊದಲಾದ ಕರ್ಮಗಳೊಡನೆ ಅತಿಥಿಸತ್ಕಾರವೂ ನಡೆಯಲೆಂಬುದು ಆ ದಾನದ ಉದ್ದೇಶ. ತಾಮ್ರಪಟದಲ್ಲಿ ಕಾಣುವ ಕಾಲ ಪುಷ್ಯಮಾಸ, ಉತ್ತರಾಯಣದ ಮಹಾಪರ್ವ.

ಇಲ್ಲೊಂದು ಸ್ವಾರಸ್ಯವುಂಟು. ಆ ಕಾಲದಲ್ಲಿ ಮಕರ ಸಂಕ್ರಾಂತಿ ಬರುತ್ತಿದ್ದುದು ಯೂರೋಪಿನ ಅಂದಿನ ಪಂಚಾಂಗದಂತೆ ಡಿಸೆಂಬರಿನ ಕೊನೆಯ ಹತ್ತು ದಿನಗಳಲ್ಲಿ. ಇಲ್ಲಿ ದೊರೆಗಳು ಉತ್ತರಾಯಣದ ದಾನಕ್ಕೆ ನೀರೆರೆಯುತ್ತಿದ್ದ ದಿನಗಳಲ್ಲಿಯೇ ಅಲ್ಲಿ ಕ್ರಿಸ್‌ಮಸ್ಸಿನ ಘಂಟೆಗಳು ಮೊಳಗುತ್ತಿದ್ದುವು. ೮೦೦ನೆಯ ಕ್ರಿಸ್‌ಮಸ್ಸಿನಂದು ರೋಮಿನಲ್ಲಿ ಸಾಮ್ರಾಟನಾದ ಷಾರ್ಲಮೇನನು ತೀರಿಕೊಂಡ ೮೧೪ನೆಯ ವರುಷವೇ ನಮ್ಮ ಅಮೋಘವರ್ಷನು ಪಟ್ಟವೇರಿದನು. ಮುಂದೆ ನಕ್ಷತ್ರಗಳನ್ನು ಅನುಸರಿಸುವ ನಮ್ಮ ಸಂಕ್ರಾಂತಿ ಮೆಲ್ಲಮೆಲ್ಲನೆ ಸರಿಯಿತು. ೧೫೮೨ರಲ್ಲಿ ಪೋಪ್ ಗ್ರೆಗರಿಯು ಪಂಚಾಂಗವನ್ನು ತಿದ್ದಿ ಹತ್ತು ದಿನಗಳನ್ನು ಕಳೆದನು. ಹೀಗೆ ನೆರೆಹೊರೆಯಂತಿದ್ದ ಎರಡು ಹಬ್ಬಗಳ ನಡುವೆ ಮೂರು ವಾರಗಳ ಅಂತರ ಬಿದ್ದಿದೆ.

ದಾನವೇನೋ ಸರಿ, ಹಾಡಿನ ಮಾತೇನು? ಅದಕ್ಕೆ ಪಟ್ಟದಕಲ್ಲಿಗೆ ಹೋಗಬೇಕು. ರಾಷ್ಟ್ರಕೂಟರಿಗಿಂತ ಮೊದಲು ಅಲ್ಲಿ ಮಹಾದೇಗುಲವನ್ನು ಕಟ್ಟಿಸಿದ ಚಾಲುಕ್ಯರಾಣಿ ಲೋಕಮಹಾದೇವಿಯು, ಗಾಯಕರಿಗೆ ವಿಜಯಾದಿತ್ಯನು ಹಿಂದೆ ಮಾಡಿಕೊಟ್ಟಿದ್ದ ಕಟ್ಟಳೆಯನ್ನು ಸ್ಥಿರಪಡಿಸಿದಳೆಂದು ಶಾಸನವೊಂದು ಹೇಳುತ್ತದೆ. ಇದು ಸಾಮಾನ್ಯ ಸಂಗತಿಯಲ್ಲ. ಅನ್ನ ಕೊಟ್ಟರೆ ಉಂಡವನ ಹೊಟ್ಟೆ ತುಂಬುತ್ತದೆ. ಹಾಡುವವನ ಬಾಳಿಗೆ ಆಧಾರ ಕೊಟ್ಟರೆ, ಅಂಗಳದಲ್ಲಿ ನಿಂತವರೆಲ್ಲರ ಕಿವಿ ತಣಿಯುತ್ತದೆ. ಕೊಟ್ಟವರು ಒಬ್ಬರು, ಪಡೆದವರು ಊರೆಲ್ಲ.

ಆದರೆ ಅರಸರ ದಾನವನ್ನು ಹೊಗಳುವಾಗ ಒಂದು ಮಾತು ಮರೆಯಬಾರದು. ಗ್ರಾಮವನ್ನು ಕೊಟ್ಟವನು ದೊರೆ. ಅದರ ಹುಟ್ಟುವಳಿಗೆ ಬೆವರು ಸುರಿಸಿದವನು ಒಕ್ಕಲಿಗ. ತಾಮ್ರಪಟದಲ್ಲಿ ಮೆರೆಯುವುದು ದೊರೆಯ ಕೀರ್ತಿ. ಆದುದರಿಂದ ನನ್ನ ಮನಸ್ಸಿಗೆ ಹೆಚ್ಚು ಹಿಡಿಸುವುದು ಪಟ್ಟದಕಲ್ಲಿನ ಇನ್ನೊಂದು ಶಾಸನ. ಅದು ರಾಷ್ಟ್ರಕೂಟ ಧಾರಾವರ್ಷ ಧ್ರುವನ ಕಾಲದ್ದು. ಗೋಯಿಂದಪೊದ್ದಿಯ ಮಗಳು ಬಾದಿಪೊದ್ದಿ ದೇಗುಲಕ್ಕೆ ಕುದುರೆಯ ರಥವನ್ನೂ ಆನೆಯ ರಥವನ್ನೂ ಕೊಟ್ಟಳಂತೆ. ಅವಳು ರಾಣಿಯಲ್ಲ, ದೇಗುಲದ ಸೇವೆಯ ಹೆಣ್ಣುಮಗಳು. ಆದರೂ ಕಲ್ಲಿನ ಮೇಲೆ ಅವಳ ಹೆಸರು ಉಳಿದಿದೆ.

ವಾಡಿಯ ಮುದುಕಿಯ ನಾಣ್ಯವನ್ನು ಯಾವ ಕಲ್ಲೂ ಬರೆದಿಡುವುದಿಲ್ಲ. ಆದರೂ ಅದು ಅವಳ ಗಂಟಿನದೇ, ಅವಳ ದುಡಿಮೆಯದೇ. ಹಾಡನ್ನು ಕೇಳಿದವನ ಮೇಲೆ ಋಣವೊಂದು ಉಳಿಯುತ್ತದೆಂದು ಅವಳು ಬಲ್ಲಳು. ರೇಡಿಯೋ ತಿರುಗಿಸಿದರೆ, ಫೋನು ಮುಟ್ಟಿದರೆ ಗೀತ ಹರಿದುಬರುವ ಈ ದಿನಗಳಲ್ಲಿ ನಮ್ಮಂಥ ಓದಿದವರು ಮರೆತಿರುವುದು ಅದನ್ನೇ.

ಮರುವರುಷ ಡಿಸೆಂಬರಿನಲ್ಲಿ ಕೆಲಸವಿಲ್ಲದಿದ್ದರೂ ವಾಡಿಯಲ್ಲಿ ಇಳಿದೆ. ಹಾಡುವವರು ಬಂದರು. ಹಾಡು ಮುಗಿಯುವತನಕ ನಿಂತು, ಹಿಂದಿನ ವರುಷದ ಬಾಕಿಯನ್ನೂ ಸೇರಿಸಿ ಡಬ್ಬಿಗೆ ಹಾಕಿದೆ.