ಹಕ್ಕಿಯ ಕೊಕ್ಕು ಮುರಿದರೆ ಮತ್ತೆ ಬೆಳೆಯುತ್ತಾ?

ಎಲ್ಲಿ ಮುರಿದಿದೆ ಅನ್ನೋದರ ಮೇಲೆ ಉತ್ತರ ನಿಂತಿದೆ.

ಹೊರಗಿನಿಂದ ಕೊಕ್ಕು ಒಂದೇ ಗಟ್ಟಿ ವಸ್ತುವಿನಂತೆ ಕಾಣುತ್ತೆ. ಆದರೆ ಒಳಗಿರೋದು ದವಡೆಯ ಮೂಳೆ. ಅದರ ಮೇಲೆ ರಕ್ತನಾಳ, ನರಗಳಿರುವ ತೆಳು ಪದರ. ಅದಕ್ಕೂ ಮೇಲೆ ಕೆರಾಟಿನ್ ಕವಚ. ನಮ್ಮ ಉಗುರು, ದನದ ಕೊಂಬಿನ ಹೊರಭಾಗ ಇದೇ ಬಗೆಯ ಪ್ರೋಟೀನಿನಿಂದ ಆದವು. ಈ ಕವಚ ಹಕ್ಕಿ ಬದುಕಿರುವವರೆಗೂ ಬೆಳೆಯುತ್ತದೆ. ತಿನ್ನುವಾಗ, ಕುಕ್ಕುವಾಗ, ಕೊಂಬೆಗೆ ಉಜ್ಜುವಾಗ ಸವೆಯುತ್ತಲೂ ಇರುತ್ತದೆ. ಹಾಗಾಗಿ ತುದಿಯ ಕವಚ ಮಾತ್ರ ಚಕ್ಕೆ ಎದ್ದಿದ್ದರೆ ಅದು ನಿಧಾನವಾಗಿ ತುಂಬಿಕೊಳ್ಳುತ್ತದೆ. ಮೂಳೆಯೇ ತುಂಡಾಗಿ ಹೋದರೆ? ಹೋದದ್ದು ಬರೋದಿಲ್ಲ.

ಅಮೆರಿಕದ ‘ಬ್ಯೂಟಿ’ಯ ಕಥೆ ನೋಡಿ. 2005ರಲ್ಲಿ ಅಲಾಸ್ಕಾದಲ್ಲಿ ಯಾರೋ ಹಾರಿಸಿದ ಗುಂಡಿಗೆ ಈ ಬಾಲ್ಡ್ ಈಗಲ್ ಮೇಲ್ಗೊಕ್ಕಿನ ಬಹುಭಾಗ ಕಳೆದುಕೊಂಡಿತು. 2008ರಲ್ಲಿ ತ್ರೀಡಿ ಪ್ರಿಂಟರ್‌ನಲ್ಲಿ ತಯಾರಿಸಿದ ಕೃತಕ ಕೊಕ್ಕು ಜೋಡಿಸಿದರು. ಸುದ್ದಿಯೇನೋ ಜಗತ್ತೆಲ್ಲ ಸುತ್ತಿತು, ಆದರೆ ಬ್ಯೂಟಿಗೆ ಕಾಡು ಮಾತ್ರ ಮರಳಿ ಸಿಗಲಿಲ್ಲ.

ಕೊಕ್ಕಿನ ಕೆಲಸ ಬರೀ ತಿನ್ನೋದಲ್ಲ. ಗರಿ ತೀಡಿಕೊಳ್ಳಲು, ಹೇನು ತೆಗೆಯಲು, ಗೂಡು ಕಟ್ಟಲು ಹಕ್ಕಿಗೆ ಇದೇ ಕೈ. ನ್ಯೂಜಿಲೆಂಡಿನ ಸಂರಕ್ಷಣಾ ಕೇಂದ್ರವೊಂದರಲ್ಲಿ ಮೇಲ್ಗೊಕ್ಕಿಲ್ಲದ ‘ಬ್ರೂಸ್’ ಎಂಬ ಕಿಯಾ ಗಿಳಿ ಇದೆ. ಅದು ಸಣ್ಣ ಕಲ್ಲನ್ನು ನಾಲಿಗೆಗೂ ಕೆಳಗೊಕ್ಕಿಗೂ ನಡುವೆ ಹಿಡಿದು ಗರಿ ತೀಡಿಕೊಳ್ಳುವುದನ್ನು ವಿಜ್ಞಾನಿಗಳು 2021ರಲ್ಲಿ ವರದಿ ಮಾಡಿದರು. ಇಂಥ ಜಾಣ್ಮೆ ಎಲ್ಲ ಹಕ್ಕಿಗೂ ಇರೋದಿಲ್ಲ.

ಹಾಗಂತ ಸೊಟ್ಟ ಕೊಕ್ಕೆಲ್ಲ ಗಾಯವೇ ಆಗಬೇಕಿಲ್ಲ. 1990ರ ದಶಕದ ಕೊನೆಯಲ್ಲಿ ಅಲಾಸ್ಕಾದ ಚಿಕಡೀ ಹಕ್ಕಿಗಳಲ್ಲಿ ಕೊಕ್ಕು ಅತಿಯಾಗಿ ಉದ್ದವಾಗಿ ಬಾಗುವ ರೋಗ ಕಂಡಿತು. ಅಲ್ಲಿ ಕವಚ ಸವೆಯುವುದಕ್ಕಿಂತ ಬೇಗ ಬೆಳೆಯುತ್ತದೆ. 2016ರಲ್ಲಿ ಸಂಶೋಧಕರು ಇದಕ್ಕೆ ಪೊಯೆಸಿವೈರಸ್ ಎಂಬ ವೈರಾಣುವಿನ ನಂಟನ್ನು ಗುರುತಿಸಿದರು.

ಕೊಕ್ಕು ಮುರಿದ ಹಕ್ಕಿ ನಿಮಗೇ ಸಿಕ್ಕರೆ ಅಂಟು ಹಾಕಬೇಡಿ, ಉಜ್ಜಿ ಸರಿಮಾಡಲು ಹೋಗಬೇಡಿ, ಬಾಯಿಗೆ ನೀರು ಸುರಿಯಬೇಡಿ. ಗಾಳಿಯಾಡಲು ತೂತು ಮಾಡಿದ ರಟ್ಟಿನ ಡಬ್ಬಿಯಲ್ಲಿಟ್ಟು ಕತ್ತಲಿರುವ, ಸದ್ದಿಲ್ಲದ ಕಡೆ ಇರಿಸಿ. ಅರಣ್ಯ ಇಲಾಖೆಗೋ ವನ್ಯಜೀವಿ ರಕ್ಷಣಾ ತಂಡಕ್ಕೋ ಕರೆ ಮಾಡಿ. ಪೆಟ್ಟು ಕವಚಕ್ಕೋ ಮೂಳೆಗೋ ಅಂತ ಪಶುವೈದ್ಯರು ಎಕ್ಸ್‌ರೇ ತೆಗೆದು ನೋಡಬೇಕಾಗುತ್ತೆ. ‘ಉಗುರಿನ ಹಾಗೆ ತಾನೇ ಬೆಳೆಯುತ್ತೆ ಬಿಡು’ ಅಂತ ಹಾರಿಬಿಟ್ಟರೆ, ಬೆಳೆಯುವಷ್ಟು ದಿನ ಹೊಟ್ಟೆಗಿಲ್ಲದೆ ಅದು ಸತ್ತೇ ಹೋಗಬಹುದು.