ಕನ್ನಡ ನವೋದಯ: ಇಂಗ್ಲಿಷ್ ಮೇಷ್ಟ್ರುಗಳು, ವಕೀಲರು, ಅಧಿಕಾರಿಗಳು ಕಟ್ಟಿದ ಹೊಸ ಕನ್ನಡ

ಇವತ್ತಿನ ವಿಷಯ ಸಾಂಸ್ಕೃತಿಕ ಮರುಹುಟ್ಟು. ಈ ಮಾತು ಬಂದ ಕೂಡಲೇ ನಮಗೆ ಶಾಲೆಯಲ್ಲಿ ಓದಿದ ಇಟಲಿಯ ಫ್ಲಾರೆನ್ಸ್, ಮೈಕೆಲ್ಯಾಂಜೆಲೊ ಇವೆಲ್ಲ ನೆನಪಾಗುತ್ತೆ. ಆದ್ರೆ ಅಷ್ಟು ದೂರ ಹೋಗೋದೇ ಬೇಡ. ನಮ್ಮ ಅಜ್ಜ, ಮುತ್ತಜ್ಜಂದಿರ ಕಾಲದಲ್ಲಿ ನಮ್ಮ ಭಾಷೆಯಲ್ಲೇ ಅಂಥದ್ದೊಂದು ನಡೆದಿದೆ. ಅದೇ ನವೋದಯ.

ಪುಣೆಯಲ್ಲೋ, ಹೈದರಾಬಾದಿನಲ್ಲೋ ಹಗಲೆಲ್ಲ ಇಂಗ್ಲಿಷಿನಲ್ಲಿ ಕೆಲಸ ಮಾಡಿ, ರಾತ್ರಿ ಮನೆಗೆ ಬಂದು ಕನ್ನಡ ಮಾತಾಡೋ ನಮಗೆ ಈ ಕಥೆ ತುಂಬಾ ಹತ್ತಿರದ್ದು. ಯಾಕೆ ಅಂತ ಹೇಳ್ತಾ ಹೋಗ್ತೀನಿ.

1900ರ ಸುಮಾರಿಗೆ ಹೇಗಿತ್ತು?

ಆಗ ಕರ್ನಾಟಕ ಅನ್ನೋ ರಾಜ್ಯವೇ ಇರಲಿಲ್ಲ. ಧಾರವಾಡ, ಬೆಳಗಾವಿ, ಬಿಜಾಪುರ ಮುಂಬೈ ಪ್ರಾಂತ್ಯದಲ್ಲಿದ್ದವು. ಮಂಗಳೂರು, ಬಳ್ಳಾರಿ ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ್ದವು. ಕಲಬುರಗಿ, ರಾಯಚೂರು, ಬೀದರ್ ನಿಜಾಮರ ಆಳ್ವಿಕೆಯಲ್ಲಿದ್ದವು. ಮೈಸೂರು ಒಡೆಯರದ್ದು, ಕೊಡಗು ಬೇರೆಯೇ. ಧಾರವಾಡದ ಕಡೆ ಓದು-ಬರಹದಲ್ಲಿ ಮರಾಠಿಯದೇ ಜೋರು. ಕನ್ನಡಕ್ಕೊಂದು ನೆಲೆ ಬೇಕು ಅಂತ 1890ರಲ್ಲಿ ಅಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿತು.

ಅದೇ ಹೊತ್ತಿಗೆ ಇನ್ನೊಂದು ಕೆಲಸ ಸದ್ದಿಲ್ಲದೆ ನಡೀತಿತ್ತು. ಓಲೆಗರಿಯಲ್ಲಿದ್ದ ಹಳಗನ್ನಡ ಅಚ್ಚಿಗೆ ಬರ್ತಿತ್ತು. 1894ರಲ್ಲಿ ಕಿಟೆಲ್ ನಿಘಂಟು ಬಂತು. 1898ರಲ್ಲಿ ಕೆ.ಬಿ. ಪಾಠಕ್ ಕವಿರಾಜಮಾರ್ಗವನ್ನೂ, ಬಿ.ಎಲ್. ರೈಸ್ ಪಂಪನ ವಿಕ್ರಮಾರ್ಜುನ ವಿಜಯವನ್ನೂ ಹೊರತಂದರು. ಒಂದೇ ವರ್ಷದಲ್ಲಿ ಒಂಬತ್ತನೇ ಶತಮಾನದ ಒಂದು ಗ್ರಂಥ, ಹತ್ತನೇ ಶತಮಾನದ ಒಂದು ಗ್ರಂಥ ಓದುಗರ ಕೈಗೆ ಸಿಕ್ಕವು.

ಹಳೇ ನಿಧಿ ಸಿಕ್ಕಿದ ಮಾತ್ರಕ್ಕೆ ಮರುಹುಟ್ಟು ಆಗಿಬಿಡುತ್ತಾ? ಇಲ್ಲ. ಅದನ್ನ ಹೊಸ ಕಣ್ಣಿಂದ ನೋಡೋರು ಬೇಕು.

ಕಲೆ ಬದಲಾದದ್ದು

1911ರಲ್ಲಿ ಧಾರವಾಡದ ವಿದ್ಯಾವರ್ಧಕ ಸಂಘದಲ್ಲಿ ಬಿ.ಎಂ. ಶ್ರೀಕಂಠಯ್ಯನವರು ‘ಕನ್ನಡ ಮಾತು ತಲೆಯೆತ್ತುವ ಬಗೆ’ ಅಂತ ಭಾಷಣ ಮಾಡಿದರು. ಆಗ ಅವರಿಗೆ ವಯಸ್ಸು 27. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಅವರು ಪಾಠ ಮಾಡ್ತಿದ್ದದ್ದು ಇಂಗ್ಲಿಷ್. ಮುಂದೆ 1926ರಲ್ಲಿ ಅವರ ‘ಇಂಗ್ಲಿಷ್ ಗೀತಗಳು’ ಬಂತು. ಅದರಲ್ಲಿ ಹೆಚ್ಚಿನವು ಇಂಗ್ಲಿಷ್ ಕವಿತೆಗಳ ಕನ್ನಡ ರೂಪ. ಆದ್ರೆ ಅದನ್ನ ಓದಿದ ಹುಡುಗರಿಗೆ ಹೊಸದೊಂದು ಗೊತ್ತಾಯ್ತು: ದೊಡ್ಡ ಕಾವ್ಯವನ್ನೇ ಬರೀಬೇಕಿಲ್ಲ, ಒಂದು ಸಣ್ಣ ನೋವು, ಒಂದು ಸಂಜೆ ಕೂಡ ಕವಿತೆ ಆಗಬಹುದು. ಭಾವಗೀತೆ ಬೇರೂರಿದ್ದು ಹೀಗೆ.

ಮಂಜೇಶ್ವರದ ಗೋವಿಂದ ಪೈಗಳು 1911ರಲ್ಲೇ ಪ್ರಾಸ ಬಿಟ್ಟು ಬರೆದಿದ್ದರು. ಸಾಲುಸಾಲಿನ ಎರಡನೇ ಅಕ್ಷರ ಒಂದೇ ಇರಬೇಕು ಅನ್ನೋದು ನೂರಾರು ವರ್ಷಗಳ ಕಟ್ಟುಪಾಡು. ಇವತ್ತು ನಮಗೆ ಇದು ಸಣ್ಣ ವಿಷಯ ಅನ್ನಿಸಬಹುದು. ಆದ್ರೆ ಆಗ ದೊಡ್ಡ ಜಗಳವೇ ಆಯ್ತು. ಬೇಂದ್ರೆ ಧಾರವಾಡದ ಆಡುಮಾತನ್ನೂ ಲಾವಣಿಯ ಲಯವನ್ನೂ ಕಾವ್ಯಕ್ಕೆ ತಂದರು. ರಾಜರತ್ನಂ ಅವರ ಪದಗಳಲ್ಲಿ ಒಬ್ಬ ಹೆಂಡಗುಡುಕನೇ ತನ್ನ ಮಾತಲ್ಲಿ ಹಾಡಿದ.

ವಿಚಾರ ಬದಲಾದದ್ದು

ಫ.ಗು. ಹಳಕಟ್ಟಿಯವರನ್ನ ನೋಡಿ. ಬಿಜಾಪುರದ ವಕೀಲರು, ಕಾನೂನು ಓದಿದ್ದು ಮುಂಬೈನಲ್ಲಿ. ವಚನಗಳ ಓಲೆಗರಿ ಹುಡುಕಿಕೊಂಡು ಊರೂರು ಸುತ್ತಿದರು. 1923ರಲ್ಲಿ ‘ವಚನಶಾಸ್ತ್ರಸಾರ’ ಪ್ರಕಟವಾಯ್ತು. ಮುಂದೆ ತಮ್ಮ ಮನೆ ಮಾರಿ ಮುದ್ರಣಾಲಯ ಹಾಕಿದರು. 1926ರಲ್ಲಿ ‘ಶಿವಾನುಭವ’ ಪತ್ರಿಕೆ ಶುರು ಮಾಡಿದರು. ಪೂಜೆಯ ಜಗಲಿಯಲ್ಲಿದ್ದ ಬರಹ ಎಲ್ಲರ ಓದಿಗೆ ಬಂತು. ಹನ್ನೆರಡನೇ ಶತಮಾನದ ಶರಣರು ಜಾತಿ, ದುಡಿಮೆ, ಹೆಣ್ಣು-ಗಂಡು ಇವುಗಳ ಬಗ್ಗೆ ಆಡಿದ ಮಾತು ಇಪ್ಪತ್ತನೇ ಶತಮಾನದ ಚರ್ಚೆಗೆ ಇಳೀತು.

ಕುವೆಂಪು ಮೊದಲು ಬರೆದದ್ದು ಇಂಗ್ಲಿಷಿನಲ್ಲಿ. 1924ರಲ್ಲಿ ಐರಿಷ್ ಕವಿ ಜೇಮ್ಸ್ ಕಸಿನ್ಸ್ ನಿಮ್ಮ ಭಾಷೆಯಲ್ಲೇ ಬರೀರಿ ಅಂತ ಹೇಳಿದ್ದು ಅವರ ದಾರಿಯನ್ನೇ ತಿರುಗಿಸಿತು. 1928ರ ‘ಜಲಗಾರ’ ನಾಟಕದಲ್ಲಿ ಶಿವ ಗುಡಿಯೊಳಗೆ ಸಿಗಲ್ಲ, ಬೀದಿ ಗುಡಿಸೋನ ಎದುರು ಬರ್ತಾನೆ. ಪುರೋಹಿತಶಾಹಿಯನ್ನ ಹೀಗೆ ನೇರವಾಗಿ ಪ್ರಶ್ನಿಸೋದು ಆಗ ಸಣ್ಣ ಧೈರ್ಯ ಅಲ್ಲ.

ಸಮಾಜ ಎಷ್ಟು ಬದಲಾಯ್ತು?

ಇಲ್ಲಿ ಸ್ವಲ್ಪ ನಿಧಾನಿಸೋಣ. 1915ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತು ಬಂತು. 1917ರಲ್ಲಿ ಆಲೂರು ವೆಂಕಟರಾಯರ ‘ಕರ್ನಾಟಕ ಗತವೈಭವ’ ಬಂತು. 1924ರಲ್ಲಿ ಬೆಳಗಾವಿಯಲ್ಲಿ ಗಾಂಧೀಜಿ ಅಧ್ಯಕ್ಷತೆಯ ಕಾಂಗ್ರೆಸ್ ಅಧಿವೇಶನ ನಡೆದಾಗಲೇ ಏಕೀಕರಣ ಸಮ್ಮೇಳನವೂ ಆಯ್ತು. 1956ರ ನವೆಂಬರ್ 1ಕ್ಕೆ ರಾಜ್ಯ ಒಂದಾಯ್ತು. ಮೊದಲು ಪುಸ್ತಕದಲ್ಲಿ ಹುಟ್ಟಿದ ನಾಡು ಆಮೇಲೆ ನಕ್ಷೆಯಲ್ಲಿ ಬಂತು ಅಂತ ಹೇಳಬಹುದು.

ಆದ್ರೆ ಆ ಬಾಗಿಲು ಎಲ್ಲರಿಗೂ ಒಟ್ಟಿಗೆ ತೆರೀಲಿಲ್ಲ. ನಂಜನಗೂಡು ತಿರುಮಲಾಂಬ ಅವರು ಬಾಲವಿಧವೆ. ಮನೆಯಲ್ಲೇ ಓದು ಬೆಳೆಸಿಕೊಂಡು, 1913ರಲ್ಲಿ ‘ಸತೀ ಹಿತೈಷಿಣೀ’ ಗ್ರಂಥಮಾಲೆ ಶುರು ಮಾಡಿ, ತಾವೇ ಬರೆದು ತಾವೇ ಪ್ರಕಟಿಸಿದರು. ನವೋದಯದ ಹೆಸರು ಹೇಳಿ ಅಂದ್ರೆ ನಮ್ಮಲ್ಲಿ ಎಷ್ಟು ಜನಕ್ಕೆ ಅವರ ಹೆಸರು ನೆನಪಾಗುತ್ತೆ? ‘ಜಲಗಾರ’ ಬೀದಿ ಗುಡಿಸೋನ ಬಗ್ಗೆ ಬರೆದ ನಾಟಕ, ಆದ್ರೆ ಅವನೇ ಬರೆದದ್ದಲ್ಲ. ಆ ಜನ ತಾವೇ ಬರೆದು ಕನ್ನಡವನ್ನ ಅಲುಗಾಡಿಸಿದ್ದು ಇನ್ನೂ ತಡವಾಗಿ. ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ ಬಂದದ್ದು 1975ರಲ್ಲಿ, ಬಂಡಾಯ ಸಾಹಿತ್ಯ ಸಂಘಟನೆ ಶುರುವಾದದ್ದು 1979ರಲ್ಲಿ.

ಹಾಗಾಗಿ ಒಂದು ಮರುಹುಟ್ಟನ್ನ ಅಳೆಯೋಕೆ ನನಗೆ ಕಾಣೋ ಅಳತೆಗೋಲು ಇದು: ಅದು ಎಷ್ಟು ಹಳೇದನ್ನ ಹೊಗಳಿತು ಅನ್ನೋದಕ್ಕಿಂತ, ಹಿಂದೆ ಬಾಯಿ ಬಿಡದಿದ್ದವರಲ್ಲಿ ಯಾರಿಗೆ ಮಾತು ಬಂತು?

ನಮಗೂ ಇದಕ್ಕೂ ಏನು ಸಂಬಂಧ?

ಶ್ರೀಕಂಠಯ್ಯನವರದ್ದು ಇಂಗ್ಲಿಷ್ ಮೇಷ್ಟ್ರ ಕೆಲಸ. ಮದ್ರಾಸಿನಲ್ಲಿ ಇಂಗ್ಲಿಷ್ ಎಂ.ಎ. ಮಾಡಿದ ಮಾಸ್ತಿ ಮೈಸೂರು ಸರ್ಕಾರದ ಅಧಿಕಾರಿ. ಬೇಂದ್ರೆ ಬಿ.ಎ. ಓದಿದ್ದು ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ, ಆಮೇಲೆ ಎಷ್ಟೋ ವರ್ಷ ಪಾಠ ಮಾಡಿದ್ದು ಸೊಲ್ಲಾಪುರದಲ್ಲಿ. ಇನ್ನೂ ಮುಖ್ಯ ವಿಷಯ ಕೇಳಿ. ಮಾಸ್ತಿ, ರಾಜರತ್ನಂ ಮನೆಮಾತು ತಮಿಳು, ಬೇಂದ್ರೆಯವರದ್ದು ಮರಾಠಿ, ಗೋವಿಂದ ಪೈಗಳದ್ದು ಕೊಂಕಣಿ. ಮನೆಯಲ್ಲಿ ಬೇರೆ ಭಾಷೆ, ಸಂಬಳಕ್ಕೆ ಬೇರೆ ಭಾಷೆ ಇದ್ದವರೇ ಹೊಸ ಕನ್ನಡ ಕಟ್ಟಿದರು.

ಇದನ್ನ ನೆನಪಿಟ್ಟುಕೊಂಡರೆ ನಮ್ಮ ಎರಡು ನೆಪ ಬಿದ್ದು ಹೋಗುತ್ತೆ. ಒಂದು, ಕೆಲಸ ಇಂಗ್ಲಿಷಿನಲ್ಲಿದೆ, ಕನ್ನಡಕ್ಕೆ ಏನು ಮಾಡೋಕಾಗುತ್ತೆ ಅನ್ನೋದು. ಎರಡು, ಮಕ್ಕಳು ಹಿಂದಿ, ತೆಲುಗು ಬೆರೆಸಿ ಮಾತಾಡ್ತಾರೆ, ಅವರ ಕನ್ನಡ ಕೆಟ್ಟಿದೆ ಅನ್ನೋದು. ಬೆರಕೆ ಮಾತಿಂದ ಭಾಷೆ ಸಾಯಲ್ಲ. ಮಗು ತಪ್ಪು ಕನ್ನಡ ಆಡಿದಾಗ ನಾವು ನಕ್ಕುಬಿಟ್ಟರೆ, ಅದು ಮತ್ತೆ ಬಾಯಿ ತೆರೆಯಲ್ಲ. ಊಟ ಆಯ್ತಾ, ಹೋಂವರ್ಕ್ ಆಯ್ತಾ ಅನ್ನೋದಕ್ಕೆ ಮಾತ್ರ ಕನ್ನಡ ಉಳಿದರೆ, ಯೋಚನೆ ಮಾಡೋ ಭಾಷೆಯಾಗಿ ಅದು ನಮ್ಮ ಮನೆಯಲ್ಲೇ ಮುಗೀತು ಅಂತ ಅರ್ಥ.

ಇವತ್ತು ರಾತ್ರಿ ಒಂದು ಕೆಲಸ ಮಾಡಿ ನೋಡಿ. ಮಗುವಿಗೆ ಅದರ ಶಾಲೆಯಲ್ಲಿ ನಡೆದ ಜಗಳವನ್ನ ಪೂರ್ತಿ ಕನ್ನಡದಲ್ಲಿ ಹೇಳು ಅನ್ನಿ. ಪದ ಸಿಗದಿದ್ದ ಕಡೆ ಸಿಕ್ಕ ಭಾಷೆ ಹಾಕಲಿ, ತಿದ್ದಬೇಡಿ, ಕೊನೇವರೆಗೂ ಕೇಳಿ.